ಮುಂದಿನ ತಿಂಗಳು ನಾನೇ ಪ್ರಭಾರ ಮುಖ್ಯ ಶಿಕ್ಷಕಿ. ಅಷ್ಟರೊಳಗೆ ನಾಯಕತ್ವದ ತರಬೇತಿ ಮಾಡಿಕೊಳ್ಳಬೇಕಾ?

ಮುಖ್ಯ ಶಿಕ್ಷಕರು (ಎಚ್.ಎಂ.) ನಿವೃತ್ತಿ ಆಗ್ತಿದ್ದಾರೆ, ಸೇವೆಯಲ್ಲಿ ನೀವೇ ಹಿರಿಯರು, ಚಾರ್ಜ್ ನಿಮಗೇ ಬರುತ್ತೆ, ಹೇಳಿಕೊಡೋರು ಯಾರೂ ಇಲ್ಲ ಅಂತ ಬರೆದಿದ್ದೀರಿ. 2014ರ ಜುಲೈನಲ್ಲಿ ನನ್ನದೂ ಇದೇ ಸ್ಥಿತಿ.

ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಏಳನೇ ತರಗತಿವರೆಗೆ 140 ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಐದನೇ ತರಗತಿವರೆಗೆ 150ಕ್ಕಿಂತ ಜಾಸ್ತಿ ಅಥವಾ ಅದರ ಮೇಲಿನ ತರಗತಿಗಳಲ್ಲಿ 100ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಪ್ರತ್ಯೇಕ ಮುಖ್ಯ ಶಿಕ್ಷಕರು ಇರಬೇಕು. ನಮ್ಮಲ್ಲಿ ಕೆಳಗೆ 90, ಮೇಲೆ 50. ಹಾಗಾಗಿ ಗಣಿತ ಪಾಠವೂ ನನ್ನದೇ, ಆಫೀಸೂ ನನ್ನದೇ.

ಈಗ ನನ್ನ ತಪ್ಪು ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಆದರೆ ಪೂರ್ತಿ ಓದಿ.

ಜುಲೈ ಕೊನೆಯ ದಿನ ನಮ್ಮ ಎಚ್.ಎಂ. ಸರ್ ಬೀಳ್ಕೊಡುಗೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಶಾಲು ಹೊದಿಸಿದರು, ಮಕ್ಕಳು ಹಾಡು ಹೇಳಿದರು, ಹುಡುಗಿಯರು ಅತ್ತರು. ನಾನೂ ಅತ್ತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೋರ್ಡಿನ ಮೇಲೆ ನೆಟ್ಟಗೆ ಬರೆಯೋದನ್ನು ಕಲಿಸಿದವರೇ ಅವರು. ಕಾರ್ಯಕ್ರಮ ಮುಗಿದ ಮೇಲೆ ಆಫೀಸಿನಲ್ಲಿ ಚಾರ್ಜ್ ಪಟ್ಟಿ ನನ್ನ ಮುಂದಿಟ್ಟರು. ದಾಖಲಾತಿ ವಹಿ, ಕ್ಯಾಶ್ ಬುಕ್, ಪಾಸ್‌ಬುಕ್, ಬೆಂಚು, ಬೀರು, ಕ್ಷೀರಭಾಗ್ಯದ ಹಾಲಿನ ಪುಡಿ, ಬಿಸಿಯೂಟದ ಅಕ್ಕಿ. ಪುಸ್ತಕಗಳನ್ನು ನೋಡಿದೆ, ಬೆಂಚು ಎಣಿಸಿದೆ. ಅಕ್ಕಿಯ ಉಗ್ರಾಣಕ್ಕೆ ಮಾತ್ರ ಹೋಗಲಿಲ್ಲ. ಹೊರಗೆ ಅವರ ಮನೆಯವರು ಗಾಡಿಯಲ್ಲಿ ಕಾಯ್ತಾ ಕೂತಿದ್ದರು. ಶಾಲು ಹೊದ್ದು ನಿಂತ ಮನುಷ್ಯನಿಗೆ 'ಸರ್, ಅಕ್ಕಿ ತೂಗಿಸೋಣ' ಅಂತ ಹೇಗೆ ಹೇಳೋದು? ಹಾಗೆ ಕೇಳಿದರೆ ಕಳ್ಳ ಅಂದ ಹಾಗಲ್ವಾ ಅನ್ನಿಸಿತು. ಸಹಿ ಹಾಕಿಬಿಟ್ಟೆ.

ಮೂರು ವಾರದ ನಂತರ ತಾಲ್ಲೂಕಿನಿಂದ ತಪಾಸಣೆಗೆ ಬಂದರು. ತೂಗಿಸಿದರು. ಪುಸ್ತಕಕ್ಕೂ ಉಗ್ರಾಣಕ್ಕೂ 1 ಕ್ವಿಂಟಾಲ್ 60 ಕೆಜಿ ವ್ಯತ್ಯಾಸ. ಸಹಿ ನನ್ನದು, ನೋಟಿಸೂ ನನಗೇ ಬಂತು.

ಅವತ್ತು ಸಂಜೆ ಅಡುಗೆಯವ್ವ ಪಾತ್ರೆ ತಿಕ್ಕುತ್ತಾ ಹೇಳಿದಳು: "ಚೀಲ ಬರೂದ ಕಮ್ಮಿ ಬರ್ತಾವ್ರಿ ಅಕ್ಕೋರ. ಹಳೇ ಸರ್‌ಗೆ ಗೊತ್ತಿತ್ತಲ್ರಿ. ನಿಮಗ ಹೇಳಿಲ್ಲೇನ್ರಿ?"

ಕೂತು ಲೆಕ್ಕ ಹಾಕಿದೆ. ಐದನೇ ತರಗತಿವರೆಗೆ ದಿನಕ್ಕೆ ಮಗುವಿಗೆ 100 ಗ್ರಾಂ, ಅದರ ಮೇಲೆ 150 ಗ್ರಾಂ. ನಮ್ಮ ಶಾಲೆಗೆ ದಿನಕ್ಕೆ 16.5 ಕೆಜಿ ಬೇಕು, ತಿಂಗಳಿಗೆ ಹೆಚ್ಚು ಕಡಿಮೆ ಏಳು ಚೀಲ. 50 ಕೆಜಿ ಅಂತ ಬರೆದ ಚೀಲದಲ್ಲಿ 48 ಇದ್ದರೆ 80 ಚೀಲಕ್ಕೆ 160 ಕೆಜಿ. ಸುಮಾರು ಒಂದು ವರ್ಷದ ಅಕ್ಕಿ ಅಷ್ಟೇ. ಸರ್ ಒಂದು ಕಾಳೂ ಮನೆಗೆ ಒಯ್ದಿರಲಿಲ್ಲ. ಇಳಿಸಿಕೊಳ್ಳುವಾಗ ತೂಗದೆ 50 ಅಂತ ಬರೆದುಕೊಂಡಿದ್ದರು, ಅಷ್ಟೇ.

ಅವರಿಗೆ ಫೋನ್ ಮಾಡಿದೆ. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ "ನೀನು ಸಹಿ ಮಾಡಿದ್ದೀಯಲ್ಲ" ಅಂದರು. ಅವರ ಪೆನ್ಷನ್ ಕಾಗದ ಇನ್ನೂ ಓಡಾಡ್ತಿತ್ತು, ಹೆದರಿದ್ದರು ಅಂತ ಈಗ ಅರ್ಥ ಆಗುತ್ತೆ. ದುಡ್ಡು ನಾನೇ ಕಟ್ಟಿದೆ. ಅದು ಹೋಗಲಿ. ಅವರು ಮತ್ತೆ ನನ್ನ ಫೋನ್ ಎತ್ತಲಿಲ್ಲ. ಮಗಳ ಮದುವೆಗೆ ಕರೆಯಲಿಲ್ಲ. ಅದು ಇವತ್ತಿಗೂ ಚುಚ್ಚುತ್ತೆ.

ನಾನು ತೂಗಿಸದೆ ಇದ್ದದ್ದು ಅವರ ಮರ್ಯಾದೆ ಕಾಪಾಡೋಕೆ ಅಂದುಕೊಂಡಿದ್ದೆ. ಆಗಿದ್ದು ಪೂರ್ತಿ ಉಲ್ಟಾ. ಅವತ್ತು ಇಬ್ಬರೂ ನಿಂತು ತೂಗಿಸಿದ್ದರೆ ಚೀಲ ಕಮ್ಮಿ ಬರ್ತಿವೆ ಅನ್ನೋದು ಅವರ ಬಾಯಿಂದಲೇ ಬರ್ತಿತ್ತು. ಪಟ್ಟಿಯಲ್ಲಿ ಎರಡು ಸಾಲು ಷರಾ ಬರೆದು ಇಬ್ಬರೂ ಸಹಿ ಹಾಕಬಹುದಿತ್ತು. ಪೂರ್ತಿ ಪಾರಾಗುತ್ತಿದ್ದೆವು ಅಂತಲ್ಲ. ಆದರೆ ಇಬ್ಬರೂ ಒಂದೇ ಕಡೆ ನಿಂತಿರುತ್ತಿದ್ದೆವು. ಎಣಿಸೋದು ಹೋಗುವವರಿಗೂ ರಕ್ಷಣೆ. ಇದು ನನಗೆ ಆಗ ಹೊಳೆಯಲೇ ಇಲ್ಲ.

ನೋಟಿಸಿಗೆ ಉತ್ತರ ಬರೆಯೋಕೂ ನನಗೆ ಬರ್ತಿರಲಿಲ್ಲ. 12 ಕಿಲೋಮೀಟರ್ ಆಚೆಯ ಶಾಲೆಯ ಹಿರಿಯ ಎಚ್.ಎಂ. ಮೇಡಂ ಹತ್ತಿರ ಹೋದೆ. ಶನಿವಾರ ಮಧ್ಯಾಹ್ನ, ಮಕ್ಕಳು ಮನೆಗೆ ಹೋಗಿಯಾಗಿತ್ತು. ಬೈಯಲಿಲ್ಲ. ಕ್ಯಾಶ್ ಬುಕ್ ತೆಗೆದು ಒಂದೊಂದು ಪುಟ ತೋರಿಸಿದರು. "ಒಂದು ವರ್ಷ, ಎಲ್ಲಾದರೂ ಹೊಸ ಕಾಗದಕ್ಕೆ ಸಹಿ ಹಾಕೋ ಮುಂಚೆ ನನಗೆ ಫೋನ್ ಮಾಡು" ಅಂದರು. ಮಾಡಿದೆ. ಕೆಲವು ಸಲ ದಿನಕ್ಕೆ ಮೂರು ಸಲ ಮಾಡಿದ್ದೇನೆ. ಎಸ್‌ಡಿಎಂಸಿ ಸಭೆಯ ನಡಾವಳಿ ಬರೆಯೋದು, ಟಿಸಿ ಕೊಡುವಾಗ ಹುಟ್ಟಿದ ದಿನಾಂಕ ಎರಡು ಸಲ ನೋಡೋದು, ಕುಡಿದು ಬಂದ ಪೋಷಕರ ಜೊತೆ ವರಾಂಡದಲ್ಲಿ ಮಾತಾಡದೆ ಒಳಗೆ ಕೂರಿಸಿ ನೀರು ಕೊಡೋದು, ಎಲ್ಲ ಅವರಿಂದಲೇ ಕಲಿತದ್ದು.

ತರಬೇತಿ ಬೇಡ ಅಂತಲ್ಲ. ಧಾರವಾಡದ ಸಿಸ್ಲೆಪ್ ಅನ್ನೋ ರಾಜ್ಯ ಸಂಸ್ಥೆ ಇರೋದೇ ಶಾಲಾ ನಾಯಕತ್ವಕ್ಕೆ. ನನಗೆ ತರಬೇತಿ ಸಿಕ್ಕಿದ್ದು ಎರಡು ವರ್ಷದ ಮೇಲೆ. ಶಾಲಾ ಅಭಿವೃದ್ಧಿ ಯೋಜನೆ ಮಾಡೋದನ್ನು ಅಲ್ಲಿ ಚೆನ್ನಾಗಿ ಕಲಿತೆ. ಆದರೆ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಈಗ ನಿಮಗೆ ಬೇಕಿರೋದು ನಾಯಕತ್ವ ಅಲ್ಲ, ಪಕ್ಕದಲ್ಲಿ ಕೂರುವ ಒಬ್ಬ ಮನುಷ್ಯ.

ಅದು ನಿಮ್ಮ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅಥವಾ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಗೋಕೆ ಸಾಧ್ಯವಿಲ್ಲ. ಅವರು ಎಷ್ಟೇ ಒಳ್ಳೆಯವರಿರಲಿ, ನಿಮ್ಮ ಶಾಲೆಯ ವರದಿ ಬರೆಯೋರು ಅವರು. ಅವರ ಮುಂದೆ 'ನನಗೆ ಗೊತ್ತಿಲ್ಲ' ಅನ್ನೋಕೆ ನಾಲಿಗೆ ಏಳಲ್ಲ. ಕ್ಲಸ್ಟರ್ ಸಭೆಯಲ್ಲಿ ಯಾರಾದರೂ ಹಾಗೆ ಅಂದದ್ದನ್ನು ಕೇಳಿದ್ದೀರಾ? ನಿಮ್ಮನ್ನು ತಪಾಸಣೆ ಮಾಡದ, ನಿಮ್ಮಿಂದ ಏನೂ ಬೇಡದ ಒಬ್ಬರನ್ನು ಹುಡುಕಿ. ಅಕ್ಕಪಕ್ಕದ ಶಾಲೆಯವರು, ಇಲ್ಲ ನಿವೃತ್ತರಾದವರು. ಸುಮ್ನೆ ಹೋಗಿ ಕೇಳಿ. ನಾನು ಕೇಳಿದ ಯಾರೂ ಇಲ್ಲ ಅಂದಿಲ್ಲ.

ನಿಮಗಿಂತ ವಯಸ್ಸಿನಲ್ಲಿ ದೊಡ್ಡ ಶಿಕ್ಷಕರು ಮಾತು ಕೇಳ್ತಾರಾ ಅಂತಲೂ ನೀವು ಹೆದರಿರಬಹುದು. ಮೊದಲ ತಿಂಗಳು ವೇಳಾಪಟ್ಟಿ ಮುಟ್ಟಬೇಡಿ, ಯಾರಿಗೂ ಮೆಮೊ ಕೊಡಬೇಡಿ. ಮಿಕ್ಕದ್ದು ಆಮೇಲೆ ನೋಡಿ.

ಈಗ ನಮ್ಮ ತಾಲ್ಲೂಕಿನಲ್ಲಿ ಹೊಸದಾಗಿ ಚಾರ್ಜ್ ತಗೊಂಡ ಮೂವರ ಜೊತೆ ನಾನು ಇದ್ದೇನೆ. ಬೀಳ್ಕೊಡುಗೆಗೆ ಒಂದು ವಾರ ಮುಂಚೆಯೇ ಹೋಗಿ ಹಳೆಯ ಎಚ್.ಎಂ., ಹೊಸಬರು, ಅಡುಗೆಯವರು, ನಾನು ನಾಲ್ಕೂ ಜನ ಸೇರಿ ತೂಗಿಸ್ತೀವಿ. ಶಾಲು ಹೊದಿಸೋ ದಿನ ಅಲ್ಲ, ಅದಕ್ಕೂ ಮುಂಚೆ. ಆಗ ಯಾರಿಗೂ ಮುಜುಗರ ಆಗಲ್ಲ, ಷರಾ ಬರೆಯೋಕೂ ಸಮಯ ಇರುತ್ತೆ. ನಿಮಗೆ ಇನ್ನೂ ನಾಲ್ಕು ವಾರ ಇದೆ. ಶಾಲೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಊರಿನ ರೇಷನ್ ಅಂಗಡಿಯಲ್ಲಿ ಒಂದು ಮಧ್ಯಾಹ್ನದ ಮಟ್ಟಿಗೆ ಕೇಳಿ ನೋಡಿ.