ಬೂಟ್ ಆದಾಗೆಲ್ಲ ಸೌಂಡ್ ಮಾಯ: ಲಿನಕ್ಸ್ ಬಳಸುವವರ ನಾಲ್ಕು ಪ್ರಶ್ನೆಗಳು

ಕಮಾಂಡ್‌ಗಳ ಬಗ್ಗೆ ಮೊದಲೇ ಒಂದು ಮಾತು. ಇಲ್ಲಿ ಅವನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಕೀಬೋರ್ಡ್ ಕನ್ನಡಕ್ಕೆ ಹೊಂದಿಸಿದ್ದರೆ ಮೊದಲು ಇಂಗ್ಲಿಷಿಗೆ ಬದಲಿಸಿಕೊಳ್ಳಿ. ಕನ್ನಡ ವಿನ್ಯಾಸದಲ್ಲಿದ್ದಾಗ ಆಲ್ಸಾಮಿಕ್ಸರ್ ಎಂಬ, ಟರ್ಮಿನಲ್‌ನಲ್ಲೇ ಸೌಂಡ್ ಹೊಂದಿಸುವ ಪ್ರೋಗ್ರಾಂನಲ್ಲಿ ಎಂ ಕೀ ಎಷ್ಟು ಒತ್ತಿದರೂ ಮ್ಯೂಟ್ ಹೋಗುವುದಿಲ್ಲ, ಏಕೆಂದರೆ ಆ ಕೀಯಿಂದ ಹೊರಡುವುದು ಎಂ ಅಕ್ಷರವೇ ಅಲ್ಲ.

ಪ್ರಶ್ನೆ: ನಮ್ಮದು ಲಿನಕ್ಸ್ ಮಿಂಟ್ 22 ಇರುವ ಡೆಸ್ಕ್‌ಟಾಪ್. ದಿನಾ ಬೆಳಿಗ್ಗೆ ಆನ್ ಮಾಡಿದರೆ ಸ್ಪೀಕರಿನಲ್ಲಿ ಸದ್ದೇ ಇರುವುದಿಲ್ಲ. ಆಲ್ಸಾಮಿಕ್ಸರ್ ತೆರೆದು ಸರಿಮಾಡಿದರೆ ಆವತ್ತಿಗೆ ಸರಿ, ಮರುದಿನ ಮತ್ತೆ ಅದೇ ಕತೆ. ಸೆಟ್ಟಿಂಗ್ ಉಳಿಸುವ ಆಲ್ಸಾಸಿಟಿಎಲ್ ಸ್ಟೋರ್ ಕಮಾಂಡ್ ಕೊಟ್ಟರೂ ಉಪಯೋಗ ಆಗಲಿಲ್ಲ. ಬೂಟ್ ಆದ ಕೂಡಲೇ ತಾನಾಗಿ ಮ್ಯೂಟ್ ತೆಗೆಯುವ ಸ್ಕ್ರಿಪ್ಟ್ ಬರೆದಿಟ್ಟರೆ ಸಾಕಲ್ಲವೇ?

ಸ್ಕ್ರಿಪ್ಟ್ ಸದ್ಯಕ್ಕೆ ಬೇಡ. ಅದು ಕೆಲವು ದಿನ ಕೆಲಸ ಮಾಡೀತು, ಆದರೆ ಮ್ಯೂಟ್ ಮಾಡುತ್ತಿರುವುದು ಯಾರು ಎಂಬುದು ಗೊತ್ತಾಗದೆ ಉಳಿಯುತ್ತದೆ. ಕಂಪ್ಯೂಟರ್ ಶುರುವಾಗುವಾಗ ನಿಮ್ಮ ಸೌಂಡ್ ಸೆಟ್ಟಿಂಗಿಗೆ ಒಬ್ಬರಲ್ಲ, ಇಬ್ಬರು ಕೈಹಾಕುತ್ತಾರೆ. ನೀವು ಒಬ್ಬರಿಗೆ ಹೇಳಿಟ್ಟಿದ್ದನ್ನು ಇನ್ನೊಬ್ಬರು ಆಮೇಲೆ ಬಂದು ಅಳಿಸಿಹಾಕುತ್ತಿದ್ದಾರೆ.

ಮೊದಲನೆಯದು ಆಲ್ಸಾ, ಅಂದರೆ ಕರ್ನಲ್ ಮಟ್ಟದ ಸೌಂಡ್ ವ್ಯವಸ್ಥೆ. ಕಂಪ್ಯೂಟರ್ ಶಟ್‌ಡೌನ್ ಆಗುವಾಗ ಸೌಂಡ್ ಕಾರ್ಡಿನ ಎಲ್ಲ ಗುಂಡಿಗಳ ಸ್ಥಿತಿಯನ್ನೂ ಎಸೌಂಡ್.ಸ್ಟೇಟ್ ಎಂಬ ಫೈಲಿಗೆ ಬರೆದಿಡುತ್ತದೆ. ಮರುಬೂಟ್‌ನಲ್ಲಿ ಆಲ್ಸಾ-ರಿಸ್ಟೋರ್ ಎಂಬ ಸರ್ವಿಸ್ ಅದನ್ನು ಓದಿ ಕಾರ್ಡಿಗೆ ಕೊಡುತ್ತದೆ. ಈ ಫೈಲ್ ಇರುವುದು ವಾರ್, ಲಿಬ್, ಆಲ್ಸಾ ಎಂದು ಒಂದರೊಳಗೊಂದು ಇರುವ ಫೋಲ್ಡರ್‌ಗಳಲ್ಲಿ. ಇದೆಲ್ಲ ನಡೆಯುವುದು ನೀವು ಲಾಗಿನ್ ಆಗುವ ಮೊದಲು.

ಎರಡನೆಯದು ಪ್ರೋಗ್ರಾಂಗಳ ಸೌಂಡನ್ನು ಕಾರ್ಡಿಗೆ ತಲುಪಿಸುವ ಪೈಪ್‌ವೈರ್ ಮತ್ತು ಅದರ ಮೇಸ್ತ್ರಿ ವೈರ್‌ಪ್ಲಂಬರ್. ಇವು ಓಡುವುದು ಲಾಗಿನ್ ಆದ ಮೇಲೆ, ನಿಮ್ಮ ಖಾತೆಯ ಹೆಸರಿನಲ್ಲಿ. ವೈರ್‌ಪ್ಲಂಬರ್ ತನ್ನದೇ ನೆನಪನ್ನು ಹೋಮ್ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ. ಲಾಗಿನ್ ಆದೊಡನೆ ಮಾಸ್ಟರ್, ಹೆಡ್‌ಫೋನ್, ಸ್ಪೀಕರ್, ಪಿಸಿಎಂ ಈ ಗುಂಡಿಗಳನ್ನು ಆ ನೆನಪಿನಂತೆ ತಿರುಗಿಸುತ್ತದೆ. ಅಲ್ಲಿ ಮ್ಯೂಟ್ ಎಂದಿದ್ದರೆ ಆಲ್ಸಾ ಏನೇ ಕಾಪಾಡಿಕೊಂಡಿರಲಿ, ಕೊನೆಯ ಮಾತು ವೈರ್‌ಪ್ಲಂಬರಿನದೇ. ನಿಮ್ಮ ಸ್ಟೋರ್ ವ್ಯರ್ಥವಾಗಿದ್ದು ಬಹುಶಃ ಇಲ್ಲಿ.

ತಪ್ಪು ಯಾವ ಕಡೆಯದು ಎಂದು ಕಂಡುಕೊಳ್ಳಲು ಒಂದು ಹೊಸ ಖಾತೆ ತೆರೆಯಿರಿ. ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ನೇರವಾಗಿ ಆ ಹೊಸ ಖಾತೆಗೆ ಲಾಗಿನ್ ಆಗಿ. ಸೌಂಡ್ ಬಂದರೆ ತಪ್ಪು ನಿಮ್ಮ ಹಳೆಯ ಖಾತೆಯ ನೆನಪಿನಲ್ಲಿದೆ. ಬರದಿದ್ದರೆ ಕೆಳಗೆ, ಆಲ್ಸಾ ಮಟ್ಟದಲ್ಲಿ ಹುಡುಕಬೇಕು. ಹೊಸ ಖಾತೆಯಲ್ಲಿ ವಾಲ್ಯೂಮ್ ಶೇ 40ರಲ್ಲಿ ನಿಂತಿರುವುದು ಕಂಡರೆ ಅದು ದೋಷವಲ್ಲ. ಮೊದಲ ಸಲ ಕಂಡ ಕಾರ್ಡಿಗೆ ವೈರ್‌ಪ್ಲಂಬರ್ ಕೊಡುವ ಮಟ್ಟವೇ ಅಷ್ಟು.

ತಪ್ಪು ಹಳೆಯ ಖಾತೆಯದಾದರೆ ಪರಿಹಾರ ಸುಲಭ. ಸಿಸ್ಟಂಸಿಟಿಎಲ್, ಜಾಗ, ಎರಡು ಅಡ್ಡಗೆರೆ ಸೇರಿಸಿ ಯೂಸರ್, ಜಾಗ, ಸ್ಟಾಪ್, ಜಾಗ, ವೈರ್‌ಪ್ಲಂಬರ್ ಎಂದು ಕೊಟ್ಟು ಅದನ್ನು ನಿಲ್ಲಿಸಿ. ಫೈಲ್ ಮ್ಯಾನೇಜರಿನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಅಡಗಿದ ಫೋಲ್ಡರ್‌ಗಳು ಕಾಣುತ್ತವೆ. ಚುಕ್ಕೆಯಿಂದ ಶುರುವಾಗುವ ಲೋಕಲ್ ಫೋಲ್ಡರ್, ಅದರೊಳಗೆ ಸ್ಟೇಟ್, ಅದರೊಳಗೆ ವೈರ್‌ಪ್ಲಂಬರ್. ಈ ಕೊನೆಯ ಫೋಲ್ಡರಿನ ಹೆಸರು ಬದಲಿಸಿ, ಅಳಿಸಬೇಡಿ. ಮತ್ತೆ ಅದೇ ಕಮಾಂಡನ್ನು ಸ್ಟಾಪ್ ಬದಲು ಸ್ಟಾರ್ಟ್ ಎಂದು ಕೊಡಿ. ಈ ಕಮಾಂಡಿಗೆ ಸುಡೊ ಸೇರಿಸಬಾರದು. ಸುಡೊ ಹಾಕಿದರೆ ನೀವು ಮಾತಾಡುವುದು ರೂಟ್, ಅಂದರೆ ಯಂತ್ರದ ಆಡಳಿತ ಖಾತೆಯ ಜೊತೆ, ನಿಮ್ಮ ಸೌಂಡ್ ಓಡುತ್ತಿರುವುದು ಅಲ್ಲಲ್ಲ. ಆಮೇಲೆ ವಾಲ್ಯೂಮನ್ನು ಪ್ಯಾನೆಲ್‌ನ ಸ್ಪೀಕರ್ ಚಿತ್ರದಿಂದಲೇ ಹೊಂದಿಸಿ. ಆಲ್ಸಾಮಿಕ್ಸರ್‌ನಲ್ಲಿ ಮಾಡಿದ ಬದಲಾವಣೆ ವೈರ್‌ಪ್ಲಂಬರಿನ ನೆನಪಿಗೆ ಸೇರುತ್ತದೆಂಬ ಖಾತ್ರಿಯಿಲ್ಲ.

ಹೊಸ ಖಾತೆಯಲ್ಲೂ ಸದ್ದಿಲ್ಲವೇ? ಆಲ್ಸಾಮಿಕ್ಸರ್ ತೆರೆದು ಮೊದಲು ಎಫ್6 ಒತ್ತಿ ನಿಜವಾದ ಕಾರ್ಡನ್ನು ಆರಿಸಿ. ತೆರೆದೊಡನೆ ಕಾಣುವುದು ಸಾಮಾನ್ಯವಾಗಿ ಪೈಪ್‌ವೈರ್ ಎಂಬ ಹೆಸರಿನ, ಒಂದೇ ಮಾಸ್ಟರ್ ಇರುವ ತೋರಿಕೆಯ ಕಾರ್ಡ್. ಅದನ್ನು ಏರಿಸಿ ಇಳಿಸಿ ಕೂತರೆ ಅಸಲಿ ಗುಂಡಿಗಳು ಕಣ್ಣಿಗೇ ಬೀಳುವುದಿಲ್ಲ. ಗುಂಡಿಯ ಕೆಳಗೆ ಎರಡು ಎಂ ಇದ್ದರೆ ಮ್ಯೂಟ್, ಎರಡು ಸೊನ್ನೆ ಇದ್ದರೆ ತೆರೆದಿದೆ. ಬಲಗಡೆ ಸರಿಯುತ್ತ ಹೋಗಿ ಆಟೊ-ಮ್ಯೂಟ್ ಮೋಡ್ ಎಂಬುದನ್ನು ಹುಡುಕಿ. ಅದು ಎನೇಬಲ್ಡ್ ಆಗಿದ್ದಾಗ ಹೆಡ್‌ಫೋನ್ ಚುಚ್ಚಿದರೆ ಸ್ಪೀಕರ್ ನಿಲ್ಲುತ್ತದೆ. ಜ್ಯಾಕ್ ಸವೆದಿದ್ದರೆ ಏನೂ ಚುಚ್ಚದಿದ್ದರೂ ಹೆಡ್‌ಫೋನ್ ಇದೆಯೆಂದೇ ಕಾರ್ಡ್ ನಂಬುತ್ತದೆ. ಹಳೆಯ ಕ್ಯಾಬಿನೆಟ್‌ಗಳಲ್ಲಿ ಇನ್ನೊಂದು ತೊಡಕಿದೆ: ಮುಂಭಾಗದ ಆಡಿಯೊ ಕೇಬಲ್ಲಿನ ತುದಿಯಲ್ಲಿ ಎಸಿ97 ಮತ್ತು ಎಚ್‌ಡಿ ಆಡಿಯೊ ಎಂದು ಎರಡು ಕನೆಕ್ಟರ್ ಇರುತ್ತವೆ. ಎಸಿ97 ಕನೆಕ್ಟರಿಗೆ ಜ್ಯಾಕ್ ಗುರುತಿಸುವ ಶಕ್ತಿ ಇಲ್ಲ, ಅದನ್ನು ಮದರ್‌ಬೋರ್ಡಿಗೆ ಹಾಕಿದ್ದರೆ ಹೆಡ್‌ಫೋನ್ ಸದಾ ಇದ್ದಂತೆ ಕಾಣಬಹುದು. ಕನೆಕ್ಟರ್ ಬದಲಿಸಿ. ಆಗದಿದ್ದರೆ ಆಟೊ-ಮ್ಯೂಟ್ ಅನ್ನು ಡಿಸೇಬಲ್ಡ್ ಮಾಡಿ. ಈ ಗುಂಡಿಗೆ ವೈರ್‌ಪ್ಲಂಬರ್ ಸಾಮಾನ್ಯವಾಗಿ ಕೈಹಾಕುವುದಿಲ್ಲ, ಆದ್ದರಿಂದ ಇಲ್ಲಿ ಸ್ಟೋರ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ: ಸುಡೊ, ಜಾಗ, ಆಲ್ಸಾಸಿಟಿಎಲ್, ಜಾಗ, ಸ್ಟೋರ್.

ಇನ್ನೊಂದು ಮಾತನ್ನು ನಮ್ಮ ಊರುಗಳಿಗೆಂದೇ ಹೇಳಬೇಕು. ಆಲ್ಸಾ ತಾನಾಗಿ ಬರೆದಿಡುವುದು ಕ್ರಮವಾಗಿ ಶಟ್‌ಡೌನ್ ಆದಾಗ ಮಾತ್ರ. ಯುಪಿಎಸ್ ಇಲ್ಲದೆ ಕರೆಂಟ್ ಹೋಯಿತು, ಅಥವಾ ಗೋಡೆಯ ಸ್ವಿಚ್ಚನ್ನೇ ಆರಿಸಿದಿರಿ ಎಂದರೆ ಆವತ್ತಿನ ಬದಲಾವಣೆ ಫೈಲಿಗೆ ಬೀಳುವುದೇ ಇಲ್ಲ. ಮರುದಿನ ಸಿಗುವುದು ಹಿಂದೆಂದೋ ಸರಿಯಾಗಿ ಶಟ್‌ಡೌನ್ ಮಾಡಿದಾಗಿನ ಸ್ಥಿತಿ. ಕರೆಂಟ್ ಕೈಕೊಡುವ ಕಡೆ ಇದ್ದವರು ಸೆಟ್ಟಿಂಗ್ ಸರಿಯಾದ ಗಳಿಗೆಯಲ್ಲೇ ಕೈಯಾರೆ ಸ್ಟೋರ್ ಕೊಟ್ಟುಬಿಡುವುದು ಒಳ್ಳೆಯದು.

ಪ್ರಶ್ನೆ: ಫೆಡೋರಾ ಬಳಸುತ್ತೇನೆ. ಸ್ಪೀಕರ್ ಹಸಿರು ಜ್ಯಾಕಿಗೆ ಹಾಕಿದ್ದೇನೆ, ಮಾನಿಟರ್ ಗ್ರಾಫಿಕ್ಸ್ ಕಾರ್ಡಿನ ಎಚ್‌ಡಿಎಂಐಗೆ. ಪ್ರತಿ ಬೂಟ್‌ನಲ್ಲೂ ಸೌಂಡ್ ಮಾನಿಟರಿಗೇ ಹೋಗುತ್ತದೆ. ಸೌಂಡ್ ಎಲ್ಲಿಗೆ ಹೋಗಬೇಕೆಂದು ಹೇಳುವ ಡಬ್ಲ್ಯೂಪಿಸಿಟಿಎಲ್ ಸೆಟ್-ಡಿಫಾಲ್ಟ್ 47 ಎಂಬ ಕಮಾಂಡನ್ನು ಸ್ಟಾರ್ಟಪ್‌ನಲ್ಲಿ ಹಾಕಿದೆ. ಎರಡು ದಿನ ನಡೆದು ಈಗ ಅದೂ ನಿಂತಿದೆ.

47 ಎಂಬುದು ನಿಮ್ಮ ಸ್ಪೀಕರಿನ ಹೆಸರಲ್ಲ, ಆವತ್ತಿನ ಟೋಕನ್ ನಂಬರ್. ಸಾಧನಗಳು ಬಂದ ಸರದಿಯಲ್ಲಿ ಪೈಪ್‌ವೈರ್ ಪ್ರತಿಸಲ ಹೊಸದಾಗಿ ನಂಬರ್ ಕೊಡುತ್ತದೆ. ಇವತ್ತು 47 ಸ್ಪೀಕರ್, ನಾಳೆ ಮೈಕ್, ನಾಡಿದ್ದು ಯಾವುದೂ ಅಲ್ಲ. ಆ ಸಾಲನ್ನು ತೆಗೆದುಹಾಕಿ.

ಗ್ರಾಫಿಕ್ಸ್ ಕಾರ್ಡ್ ಬೇರೆಯಾಗಿದ್ದರೆ ಎಚ್‌ಡಿಎಂಐ ಸೌಂಡ್ ಕೂಡ ಬೇರೆ ಕಾರ್ಡಾಗಿಯೇ ಇರುತ್ತದೆ. ಮಾನಿಟರಿನಲ್ಲಿ ಸ್ಪೀಕರೇ ಇಲ್ಲ, ಅಥವಾ ಎಂದೂ ಬೇಕಿಲ್ಲ ಎಂದಾದರೆ ಪಾವುಕಂಟ್ರೋಲ್ ಎಂಬ ಸೌಂಡ್ ಹೊಂದಿಸುವ ಪ್ರೋಗ್ರಾಂ ಇನ್‌ಸ್ಟಾಲ್ ಮಾಡಿ ತೆರೆಯಿರಿ. ಕೊನೆಯ ಟ್ಯಾಬ್ ಕಾನ್ಫಿಗರೇಶನ್. ಅಲ್ಲಿ ಎಚ್‌ಡಿಎಂಐ ಕಾರ್ಡಿನ ಪ್ರೊಫೈಲನ್ನು ಆಫ್ ಮಾಡಿ. ಈ ಆಯ್ಕೆಯನ್ನು ವೈರ್‌ಪ್ಲಂಬರ್ ನೆನಪಿಟ್ಟುಕೊಳ್ಳುತ್ತದೆ, ಬೇರೇನೂ ಬೇಕಿಲ್ಲ. ಪ್ರೊಸೆಸರಿನ ಒಳಗೇ ಗ್ರಾಫಿಕ್ಸ್ ಇರುವ ಇಂಟೆಲ್ ಯಂತ್ರಗಳಲ್ಲಿ ಜ್ಯಾಕೂ ಎಚ್‌ಡಿಎಂಐಯೂ ಒಂದೇ ಕಾರ್ಡಿನಲ್ಲಿರಬಹುದು. ಅಲ್ಲಿ ಆಫ್ ಮಾಡಿದರೆ ಎರಡೂ ಹೋಗುತ್ತವೆ. ಬದಲಿಗೆ ಪ್ರೊಫೈಲ್ ಪಟ್ಟಿಯಲ್ಲಿ ಅನಲಾಗ್ ಸ್ಟೀರಿಯೊ ಡ್ಯೂಪ್ಲೆಕ್ಸ್ ಆರಿಸಿ.

ಎಚ್‌ಡಿಎಂಐ ಕೂಡ ಆಗಾಗ ಬೇಕು, ಸ್ಕ್ರಿಪ್ಟೂ ಬೇಕೇ ಬೇಕು ಎಂದರೆ ನಂಬರಿನ ಬದಲು ಹೆಸರು ಬಳಸಿ. ಪಿಎಸಿಟಿಎಲ್ ಲಿಸ್ಟ್ ಶಾರ್ಟ್ ಸಿಂಕ್ಸ್ ಎಂದು ಕೊಟ್ಟರೆ ಪ್ರತಿ ಸಾಧನದ ಉದ್ದನೆಯ ಹೆಸರು ಬರುತ್ತದೆ. ಆಲ್ಸಾ ಔಟ್‌ಪುಟ್ ಎಂದು ಶುರುವಾಗಿ, ನಡುವೆ ಪಿಸಿಐ ವಿಳಾಸ ಇದ್ದು, ಅನಲಾಗ್-ಸ್ಟೀರಿಯೊ ಎಂದು ಮುಗಿಯುವುದು ನಿಮ್ಮದು. ಕಾರ್ಡ್ ಮದರ್‌ಬೋರ್ಡಿನಲ್ಲಿ ಕೂತ ಜಾಗ ಬದಲಾಗದ ತನಕ ಹೆಸರೂ ಬದಲಾಗುವುದಿಲ್ಲ. ಅದನ್ನು ಕಾಪಿ ಮಾಡಿ ಪಿಎಸಿಟಿಎಲ್ ಸೆಟ್-ಡಿಫಾಲ್ಟ್-ಸಿಂಕ್ ಎಂಬುದರ ಮುಂದೆ ಇಡಿ.

ಹುಡುಕಿದರೆ ಸಿಗುವ ಎರಡು ಹಳೆಯ ಸಲಹೆಗಳಿಗೆ ಈಗ ಬೆಲೆಯಿಲ್ಲ. ಪೈಪ್‌ವೈರಿಗೂ ಹಿಂದಿನ ಸೌಂಡ್ ವ್ಯವಸ್ಥೆಯಾದ ಪಲ್ಸ್‌ಆಡಿಯೊದ ಡಿಫಾಲ್ಟ್.ಪಿಎ ಫೈಲ್ ತಿದ್ದಿ ಎನ್ನುತ್ತಾರೆ. ಫೆಡೋರಾ 2021ರಲ್ಲಿ 34ನೇ ಆವೃತ್ತಿಯಿಂದಲೇ ಪೈಪ್‌ವೈರಿಗೆ ಬಂದಿದೆ, ಪೈಪ್‌ವೈರ್ ಆ ಫೈಲನ್ನು ಓದುವುದೇ ಇಲ್ಲ. ಡ್ರೈವರ್ ಸೆಟ್ಟಿಂಗ್‌ಗಳನ್ನು ಇಡುವ ಮಾಡ್‌ಪ್ರೋಬ್ ಫೋಲ್ಡರಿನಲ್ಲಿ ಇಂಡೆಕ್ಸ್ ಹಾಕಿ ಕಾರ್ಡುಗಳ ಕ್ರಮಸಂಖ್ಯೆ ಬದಲಿಸಿ ಎಂದೂ ಹೇಳುತ್ತಾರೆ. ಪೈಪ್‌ವೈರ್ ಗುರುತಿಟ್ಟುಕೊಳ್ಳುವುದು ಹೆಸರನ್ನು. ಆ ಉಪಾಯ ನೆರವಾಗುವುದು ಆಲ್ಸಾ ಜೊತೆ ನೇರವಾಗಿ ಮಾತಾಡುವ ಕೆಲವೇ ಪ್ರೋಗ್ರಾಂಗಳಿಗೆ.

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಜೊತೆಗೆ ಡೆಬಿಯನ್ 12 ಹಾಕಿದ್ದೇನೆ. ಸೌಂಡ್ ಸೆಟ್ಟಿಂಗಿನಲ್ಲಿ ಡಮ್ಮಿ ಔಟ್‌ಪುಟ್ ಎಂದಷ್ಟೇ ತೋರಿಸುತ್ತದೆ. ಸ್ಪೀಕರ್ ಕೆಟ್ಟಿದೆಯೇ?

ವಿಂಡೋಸಿನಲ್ಲಿ ಸೌಂಡ್ ಬರುತ್ತಿದ್ದರೆ ಸ್ಪೀಕರಿಗೆ ಏನೂ ಆಗಿಲ್ಲ. ಒಂದೂ ಕಾರ್ಡ್ ಸಿಗದಿದ್ದಾಗ ಪೈಪ್‌ವೈರ್ ಖಾಲಿ ಜಾಗಕ್ಕೆ ಇಡುವ ಗೊಂಬೆಯೇ ಡಮ್ಮಿ ಔಟ್‌ಪುಟ್. ಇಲ್ಲಿ ವಾಲ್ಯೂಮ್, ಮ್ಯೂಟ್ ನೋಡುತ್ತ ಕೂರುವುದರಿಂದ ಪ್ರಯೋಜನವಿಲ್ಲ, ಕಾರ್ಡೇ ಎದ್ದಿಲ್ಲ.

ಒಳಗೇ ಡಿಜಿಟಲ್ ಮೈಕ್ ಇರುವ ಈಚಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸೌಂಡಿಗೆ ಒಂದು ಸಣ್ಣ ಪ್ರೊಸೆಸರ್ ಬೇರೆಯೇ ಇರುತ್ತದೆ. ಬೂಟ್ ಆಗುವಾಗ ಅದಕ್ಕೆ ಎಸ್‌ಒಎಫ್ ಎಂಬ ಫರ್ಮ್‌ವೇರ್, ಅಂದರೆ ಚಿಪ್ಪಿನೊಳಗೆ ಓಡುವ ಸಾಫ್ಟ್‌ವೇರ್ ತುಂಬಬೇಕು. ಫೈಲ್ ಇಲ್ಲದಿದ್ದರೆ ಡ್ರೈವರ್ ಅಲ್ಲಿಗೇ ಕೈಬಿಡುತ್ತದೆ. ಕರ್ನಲ್ ಸಂದೇಶಗಳನ್ನು ತೋರಿಸುವ ಸುಡೊ ಡಿಎಂಇಎಸ್‌ಜಿ ಕಮಾಂಡ್ ಕೊಟ್ಟು ಎಸ್‌ಒಎಫ್ ಇರುವ ಸಾಲುಗಳನ್ನು ನೋಡಿ. ಅಲ್ಲಿ ಫರ್ಮ್‌ವೇರ್ ಲೋಡ್ ವಿಫಲ, ಎರರ್ ಮೈನಸ್ 2 ಎಂದಿದ್ದರೆ ರೋಗ ಸಿಕ್ಕಿತು. ಮೈನಸ್ 2 ಎಂದರೆ ಹುಡುಕಿದ ಫೈಲ್ ಆ ಜಾಗದಲ್ಲಿಲ್ಲ ಎಂದರ್ಥ.

ಡೆಬಿಯನ್‌ನಲ್ಲಿ ಬೇಕಾದ ಪ್ಯಾಕೇಜ್ ಫರ್ಮ್‌ವೇರ್-ಎಸ್‌ಒಎಫ್-ಸೈನ್ಡ್. 2023ರಲ್ಲಿ ಬಂದ 12ನೇ ಆವೃತ್ತಿಯಿಂದ ಫರ್ಮ್‌ವೇರ್‌ಗಳಿಗೆ ನಾನ್-ಫ್ರೀ-ಫರ್ಮ್‌ವೇರ್ ಎಂಬ ಬೇರೆ ವಿಭಾಗ ಮಾಡಿದ್ದಾರೆ. 11ರಿಂದ ಅಪ್‌ಗ್ರೇಡ್ ಆಗಿ ಬಂದವರ ಸೋರ್ಸಸ್ ಲಿಸ್ಟ್‌ನಲ್ಲಿ (ಪ್ಯಾಕೇಜ್‌ಗಳನ್ನು ಎಲ್ಲಿಂದ ತರಬೇಕೆಂದು ಹೇಳುವ ಫೈಲಿನಲ್ಲಿ) ಹಳೆಯ ನಾನ್-ಫ್ರೀ ಮಾತ್ರ ಉಳಿದಿರುತ್ತದೆ, ಹಾಗಾಗಿ ಪ್ಯಾಕೇಜ್ ಸಿಗಲಿಲ್ಲ ಎಂದು ಬರುತ್ತದೆ. ಆ ಸಾಲಿಗೆ ಹೊಸ ವಿಭಾಗದ ಹೆಸರು ಸೇರಿಸಿ, ಆಪ್ಟ್ ಅಪ್‌ಡೇಟ್ ಕೊಟ್ಟು, ಪ್ಯಾಕೇಜ್ ಹಾಕಿ. ಆಮೇಲೆ ರೀಸ್ಟಾರ್ಟ್ ಅಲ್ಲ, ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿ.

ಫರ್ಮ್‌ವೇರ್ ಇದ್ದೂ ಕೆಲವು ದಿನ ಸೌಂಡ್ ಬರುತ್ತದೆ, ಕೆಲವು ದಿನ ಇಲ್ಲ ಎಂದಾದರೆ ವಿಂಡೋಸಿನ ಕಡೆ ನೋಡಿ. ಅದರ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಒತ್ತಿದರೂ ಯಂತ್ರ ಅರೆನಿದ್ದೆಗೆ ಹೋಗುತ್ತದೆ. ಸೌಂಡ್ ಚಿಪ್ ವಿಂಡೋಸ್ ಬಿಟ್ಟ ಸ್ಥಿತಿಯಲ್ಲೇ ಲಿನಕ್ಸಿನ ಕೈಗೆ ಸಿಕ್ಕು ಮಾತು ಕೇಳದೆ ಹೋಗಬಹುದು. ವಿಂಡೋಸಿನ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಪುಟಕ್ಕೆ ಹೋಗಿ ಅದನ್ನು ಆಫ್ ಮಾಡಿ. ಶಿಫ್ಟ್ ಹಿಡಿದುಕೊಂಡು ಶಟ್‌ಡೌನ್ ಒತ್ತಿದರೆ ಆ ಒಂದು ಸಲಕ್ಕೆ ಪೂರ್ತಿ ಆರುತ್ತದೆ. ಫಾಸ್ಟ್ ಸ್ಟಾರ್ಟಪ್ ಕಾರಣವೇ ಎಂದು ಪರೀಕ್ಷಿಸಲು ಅಷ್ಟು ಸಾಕು.

ಪ್ರಶ್ನೆ: ಸೌಂಡ್ ಬರುತ್ತದೆ, ಆದರೆ ಪ್ರತಿ ಸಲ ಮೊದಲ ಮಾತು ನುಂಗಿಹೋಗುತ್ತದೆ. ಜೊತೆಗೆ ಸ್ಪೀಕರಿನಲ್ಲಿ ಟಕ್ ಎಂಬ ಸದ್ದು. ಸೆಟ್ಟಿಂಗ್ ಎಲ್ಲಿದೆ?

ಕರೆಂಟ್ ಉಳಿಸಲು ಸೌಂಡ್ ಚಿಪ್ ನಿದ್ದೆ ಹೋಗುತ್ತಿದೆ. ನೀವು ಪ್ಲೇ ಒತ್ತಿದಾಗ ಏಳುವಷ್ಟರಲ್ಲಿ ಮೊದಲ ಮಾತು ಹೋಗಿರುತ್ತದೆ. ಏಳುವಾಗ, ಮಲಗುವಾಗ ಬರುವ ಸದ್ದೇ ಆ ಟಕ್. ಏನೂ ನುಡಿಸದೆ 5 ಸೆಕೆಂಡ್ ಆದರೆ ವೈರ್‌ಪ್ಲಂಬರ್ ಕಾರ್ಡನ್ನು ಬಿಟ್ಟುಕೊಡುತ್ತದೆ, ಆಮೇಲೆ ಡ್ರೈವರ್ ಅದನ್ನು ಮಲಗಿಸುತ್ತದೆ. ಡ್ರೈವರನ್ನು ತಡೆದರೆ ಟಕ್ ಸದ್ದು ಹೆಚ್ಚಿನವರಿಗೆ ನಿಲ್ಲುತ್ತದೆ.

ಇಟಿಸಿಯೊಳಗೆ ಮಾಡ್‌ಪ್ರೋಬ್.ಡಿ ಫೋಲ್ಡರಿನಲ್ಲಿ ಸೌಂಡ್.ಕಾನ್ಫ್ ಎಂಬ ಫೈಲ್ ಮಾಡಿ, ಒಂದೇ ಸಾಲು ಬರೆಯಿರಿ: ಆಪ್ಷನ್ಸ್, ಜಾಗ, ಎಸ್‌ಎನ್‌ಡಿ ಅಂಡರ್‌ಸ್ಕೋರ್ ಎಚ್‌ಡಿಎ ಅಂಡರ್‌ಸ್ಕೋರ್ ಇಂಟೆಲ್, ಜಾಗ, ಪವರ್ ಅಂಡರ್‌ಸ್ಕೋರ್ ಸೇವ್, ಸಮಚಿಹ್ನೆ, 0. ಅಂಡರ್‌ಸ್ಕೋರಿನ ಆಚೀಚೆಯಾಗಲಿ ಸಮಚಿಹ್ನೆಯ ಆಚೀಚೆಯಾಗಲಿ ಜಾಗ ಬಿಡಬೇಡಿ. ರೀಬೂಟ್ ಮಾಡಿ.

ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಉಳಿಸುವ ಟಿಎಲ್‌ಪಿ ಎಂಬ ಪ್ರೋಗ್ರಾಂ ಹಾಕಿದ್ದರೆ ಈ ಸಾಲು ನಿಲ್ಲದೇ ಹೋಗಬಹುದು. ಬೂಟ್ ಆದ ಮೇಲೆ ಅದು ಬಂದು ಬ್ಯಾಟರಿಯಲ್ಲಿರುವಾಗ ಇದೇ ಬೆಲೆಯನ್ನು ಮತ್ತೆ 1 ಮಾಡುತ್ತದೆ. ಹಾಗಿದ್ದವರು ಟಿಎಲ್‌ಪಿಯ ಕಾನ್ಫಿಗರೇಶನ್ ಫೈಲಿನಲ್ಲೇ ಸೌಂಡ್ ಪವರ್ ಸೇವ್ ಆನ್ ಬ್ಯಾಟ್ ಎಂಬ ಸಾಲು ಹುಡುಕಿ, ಮುಂದಿನ ಹ್ಯಾಶ್ ಚಿಹ್ನೆ ಅಳಿಸಿ, ಬೆಲೆಯನ್ನು 0 ಮಾಡಬೇಕು.