ಹೆಂಡತಿ ಎಚ್-1ಬಿಯಲ್ಲಿದ್ದಾಗ ಸೈಲೆನ್ಸರ್‌ಗೆ ಗನ್ ಟ್ರಸ್ಟ್ ಮಾಡಬಹುದಾ?

ನಿಮಗೆ ಗ್ರೀನ್ ಕಾರ್ಡ್ ಇದೆ, ಟೆಕ್ಸಾಸ್‌ನಲ್ಲಿದ್ದೀರಿ, ರೈಫಲ್‌ಗೆ ಗುಂಡಿನ ಸದ್ದು ತಗ್ಗಿಸುವ ಸೈಲೆನ್ಸರ್ ಬೇಕು. ಗನ್ ಟ್ರಸ್ಟ್ (ಒಬ್ಬರ ಬದಲು ಟ್ರಸ್ಟ್‌ಗೇ ಒಡೆತನ ಕೊಟ್ಟು, ಟ್ರಸ್ಟಿಗಳು ನೋಡಿಕೊಳ್ಳುವ ಕಾನೂನು ವ್ಯವಸ್ಥೆ) ಹೆಸರಲ್ಲಿ ಕೊಂಡರೆ ಬೆರಳಚ್ಚು ಕೊಡಬೇಕಾಗಿಲ್ಲ, ಮನೆಯವರೆಲ್ಲ ಇಟ್ಟುಕೊಳ್ಳಬಹುದು ಅಂತ ಗೆಳೆಯರು ಹೇಳಿದ್ದಾರೆ, ನಿಜವಾ ಅಂತ ಕೇಳಿದ್ದೀರಿ. ಬೆರಳಚ್ಚಿನ ಮಾತು ಹಳೆಯದು. ಮನೆಯವರು ಇಟ್ಟುಕೊಳ್ಳಬಹುದು ಅನ್ನುವ ಮಾತು ನಿಜ, ಆದರೆ ಸದ್ಯ ನಿಮ್ಮ ಮನೆಗೆ ಹೊಂದುವುದಿಲ್ಲ.

ಸೈಲೆನ್ಸರ್, ಗಿಡ್ಡ ನಳಿಕೆಯ ರೈಫಲ್, ಮಷೀನ್ ಗನ್ ಎಲ್ಲ ಬರುವುದು 1934ರ ಫೆಡರಲ್ ಕಾಯ್ದೆಯ ಕೆಳಗೆ. ಮೊದಲು ಸ್ವಂತ ಹೆಸರಲ್ಲಿ ಕೊಳ್ಳಲು ಊರಿನ ಶೆರಿಫ್ ಅಥವಾ ಪೊಲೀಸ್ ಮುಖ್ಯಸ್ಥರ ಸಹಿ ಬೇಕಿತ್ತು. ಕೆಲವರು ಸಹಿ ಹಾಕುತ್ತಲೇ ಇರಲಿಲ್ಲ. ಟ್ರಸ್ಟ್‌ಗೆ ಆ ಸಹಿಯೂ ಬೇಡ, ಬೆರಳಚ್ಚೂ ಬೇಡ ಅಂತಿದ್ದುದರಿಂದ ಜನ ಆ ದಾರಿ ಹಿಡಿದರು. 2016ರ ಜುಲೈ 13ರಿಂದ ಅದು ಮುಗಿಯಿತು. ಈಗ ಸಹಿ ಯಾರಿಗೂ ಬೇಡ, ಶೆರಿಫ್‌ಗೆ ಅರ್ಜಿಯ ಒಂದು ಪ್ರತಿ ಕಳಿಸಿದರೆ ಸಾಕು. ಆದರೆ ಟ್ರಸ್ಟಿಗಳೆಲ್ಲರೂ ಫೋಟೋ, ಬೆರಳಚ್ಚು, ಫಾರ್ಮ್ ಕೊಡಲೇಬೇಕು. ನಮ್ಮ ಟ್ರಸ್ಟ್‌ನಲ್ಲಿ ನಾನು, ಹೆಂಡತಿ, ದೊಡ್ಡ ಮಗ ಇದ್ದೇವೆ. ಮೂವರೂ ಒಂದೊಂದೇ ಬೆರಳನ್ನು ಉಗುರಿನ ಈ ಅಂಚಿನಿಂದ ಆ ಅಂಚಿನವರೆಗೆ ಉರುಳಿಸಿ ಅಚ್ಚು ಕೊಟ್ಟಿದ್ದೇವೆ. ಇನ್ನು ಖರೀದಿಗೆ ಕಟ್ಟಬೇಕಿದ್ದ 200 ಡಾಲರ್ ಫೆಡರಲ್ ತೆರಿಗೆ 2026ರ ಜನವರಿ 1ರಿಂದ ಸೈಲೆನ್ಸರ್‌ಗೆ ಸೊನ್ನೆ. ಟ್ರಸ್ಟ್ ಇರಲಿ, ಬಿಡಲಿ.

ಹಾಗಾದರೆ ಟ್ರಸ್ಟ್ ಯಾಕೆ? ಬಂದೂಕು ಇಡುವ ಸೇಫ್‌ನ ಬೀಗದ ಕೈಗೋಸ್ಕರ. ಸೈಲೆನ್ಸರ್ ನಿಮ್ಮೊಬ್ಬರ ಹೆಸರಲ್ಲಿದ್ದರೆ ಅದು ನಿಮ್ಮ ವಶದಲ್ಲೇ ಇರಬೇಕು. ನೀವು ಬೆಂಗಳೂರಿಗೆ ಬಂದಾಗ ಸೇಫ್ ಬೇರೆಯವರ ಕೈಗೆ ಸಿಕ್ಕಿದರೆ ಅವರಿಗೇ ತೊಂದರೆ. ಗರಿಷ್ಠ ಶಿಕ್ಷೆ 10 ವರ್ಷ ಜೈಲು. ಟ್ರಸ್ಟ್‌ನಲ್ಲಿದ್ದರೆ ಯಾವ ಟ್ರಸ್ಟಿಯಾದರೂ ಇಟ್ಟುಕೊಳ್ಳಬಹುದು. ನಿಮ್ಮ ನಂತರ ಯಾರು ನೋಡಿಕೊಳ್ಳಬೇಕು ಅನ್ನುವುದನ್ನೂ ಅದರಲ್ಲೇ ಬರೆದಿಡಬಹುದು.

ಈಗ ನಿಮ್ಮ ಹೆಂಡತಿಯ ವಿಷಯ. ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕು, ಗುಂಡು ಇಟ್ಟುಕೊಳ್ಳುವಂತಿಲ್ಲ. ಫೆಡರಲ್ ಕಾನೂನಿನಲ್ಲಿ ಬರೀ ಸೈಲೆನ್ಸರ್ ಕೂಡ ಬಂದೂಕೇ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ ನಿಜ, ಆದರೆ ವಕೀಲರನ್ನು ಕೇಳದೆ ಅದನ್ನೇ ನಂಬಿ ಮುಂದೆ ಹೋಗಬೇಡಿ. ಅವರ ವೀಸಾ, ಮುಂದಿನ ಗ್ರೀನ್ ಕಾರ್ಡ್ ಎರಡೂ ಪಣಕ್ಕೆ ಬೀಳುತ್ತವೆ. ಈಗಿರುವ ರೈಫಲ್‌ಗೂ ಇದೇ ನಿಯಮ. ಸೇಫ್ ಕೋಡ್ ನಿಮಗೆ ಮಾತ್ರ ಗೊತ್ತಿರಲಿ.

ನಾನಾಗಿದ್ದರೆ ಟ್ರಸ್ಟ್ ಈಗಲೇ ಮಾಡುತ್ತಿದ್ದೆ. ಟ್ರಸ್ಟಿ ನೀವೊಬ್ಬರೇ, ಹೆಂಡತಿ ಫಲಾನುಭವಿ ಮಾತ್ರ. ಅವರಿಗೆ ಗ್ರೀನ್ ಕಾರ್ಡ್ ಬಂದ ಮೇಲೆ ತಿದ್ದುಪಡಿ ಮಾಡಿ ಟ್ರಸ್ಟಿಯಾಗಿ ಸೇರಿಸಿ. ಬೆರಳಚ್ಚು ಮುಂದಿನ ಖರೀದಿಗೆ ಕೊಟ್ಟರಾಯಿತು. ಈಗ ಸ್ವಂತ ಹೆಸರಲ್ಲಿ ಕೊಂಡು ಆಮೇಲೆ ಟ್ರಸ್ಟ್‌ಗೆ ಹಾಕಲು ಹೊರಟರೆ ಅರ್ಜಿ, ಕಾಯುವುದು ಎಲ್ಲ ಮೊದಲಿಂದ. ಟ್ರಸ್ಟ್ ಪತ್ರವನ್ನು ಟೆಕ್ಸಾಸ್ ವಕೀಲರಿಂದಲೇ ಬರೆಸಿ. ಟ್ರಸ್ಟಿಯೊಬ್ಬರು ಕಾನೂನಿನಂತೆ ಅನರ್ಹರಾದರೆ ಅವರ ಅಧಿಕಾರ ತಾನಾಗಿ ಹೋಗುತ್ತದೆ ಅನ್ನುವ ಷರತ್ತು ಅದರಲ್ಲಿರಲಿ.

ಇನ್ನೊಂದು. ನಮ್ಮವರು ಕೆಲಸಕ್ಕಾಗಿ ಊರು ಬದಲಿಸುವುದು ಜಾಸ್ತಿ ಅಲ್ವಾ? ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್, ಇಲಿನಾಯ್‌ಗಳಲ್ಲಿ ಸೈಲೆನ್ಸರ್ ಇಟ್ಟುಕೊಳ್ಳುವಂತಿಲ್ಲ. ಟ್ರಸ್ಟ್ ಇದ್ದರೂ ಅಷ್ಟೇ. ಆದರೆ ಟೆಕ್ಸಾಸ್‌ನಲ್ಲೇ ಉಳಿಯುವ ಅರ್ಹ ಟ್ರಸ್ಟಿ ಒಬ್ಬರಿದ್ದರೆ, ಹೊರಡುವ ಮೊದಲು ಅದನ್ನು ಅವರ ಸೇಫ್‌ನಲ್ಲಿ ಇಡಬಹುದು.