ಸ್ಟುಟ್‌ಗಾರ್ಟ್‌ಗೆ ಹೊಸದಾಗಿ ಬಂದ ತಂಗಿಗೆ, ಸಂಜೆ ಕ್ಲಾಸುಗಳ ಬಗ್ಗೆ

ನಿಮ್ಮ ಪ್ರಶ್ನೆ ಓದಿದೆ. ಬಂದು ನಾಲ್ಕು ತಿಂಗಳಾಯಿತು. ಯಜಮಾನರು ಬೆಳಗ್ಗೆ ಏಳಕ್ಕೆ ಹೊರಟರೆ ಮನೆಗೆ ಬರುವುದು ಸಂಜೆಯೇ. ಜರ್ಮನ್ ಭಾಷೆಯ ಮೊದಲ ಹಂತದ ಎ-ಒನ್ ಪರೀಕ್ಷೆ ಪಾಸಾಗಿದೆ, ಆದರೆ ಮೆಟ್ಟಿಲ ಮೇಲೆ ಪಕ್ಕದ ಮನೆಯವರು ಸಿಕ್ಕರೆ 'ಹಲೋ' ಆದಮೇಲೆ ಬಾಯಿ ಕಟ್ಟುತ್ತದೆ. "ಅಕ್ಕಾ, ಇಲ್ಲಿ ಜನ ಸಿಗುವುದು ಎಲ್ಲಿ? ಮುಂದಿನ ಜರ್ಮನ್ ಕ್ಲಾಸಿಗೆ ಸೇರಿಬಿಡಲಾ?" ಅಂತ ಕೇಳಿದ್ದೀರಿ. ಅಕ್ಕ ಅಂದಿದ್ದೀರಿ, ಹಾಗಾಗಿ ಸಲಿಗೆಯಿಂದಲೇ ಹೇಳುತ್ತೇನೆ. ಸೇರಿ. ಆದರೆ ಅದರ ಜೊತೆಗೆ ಜರ್ಮನ್ ಪಾಠಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಕ್ಲಾಸಿಗೂ ಸೇರಿ. ಹೊಲಿಗೆಯೋ, ಮರಗೆಲಸವೋ, ಸೈಕಲ್ ರಿಪೇರಿಯೋ, ಯಾವುದಾದರೂ ಸರಿ. ಕೈಗೆ ಕೆಲಸ ಇರಬೇಕು, ಅಷ್ಟೇ.

ಜರ್ಮನ್ ಕ್ಲಾಸಿನಲ್ಲಿ ನಿಮ್ಮ ಅಕ್ಕಪಕ್ಕ ಕೂರುವವರೆಲ್ಲ ನಿಮ್ಮ ಹಾಗೆ ಹೊರಗಿನಿಂದ ಬಂದವರೇ. ಒಳ್ಳೆಯ ಗೆಳತಿಯರು ಸಿಗುತ್ತಾರೆ, ನನಗೂ ಸಿಕ್ಕಿದ್ದಾರೆ. ಆದರೆ ಇಡೀ ಕೋಣೆಯಲ್ಲಿ ಜರ್ಮನ್ ನೆಟ್ಟಗೆ ಬರುವುದು ಮೇಡಂಗೆ ಒಬ್ಬರಿಗೇ. ಕಾಫಿಗೆ ಅಂತ ಹತ್ತು ನಿಮಿಷ ಬಿಟ್ಟರೆ ಎಲ್ಲರೂ ಇಂಗ್ಲಿಷಿಗೆ ಜಾರುತ್ತೇವೆ. ಇಲ್ಲಿನವರು ಸಂಜೆ ಹೊತ್ತು ಎಲ್ಲಿ ಕೂತಿರುತ್ತಾರೋ ಅಲ್ಲಿಗೆ ನಾವು ಹೋಗಬೇಕು. ಅವರು ತಾವಾಗಿ ನಮ್ಮ ಮನೆ ಬಾಗಿಲಿಗೆ ಬರುವವರಲ್ಲ.

ಅವರು ಕೂತಿರುವುದು ಫೋಲ್ಕ್ಸ್‌ಹೋಖ್‌ಶೂಲೆಯಲ್ಲಿ. ಬಾಯಿ ತುಂಬುವ ಹೆಸರು, ಹಾಗಾಗಿ ಎಲ್ಲರೂ ವಿ-ಎಚ್-ಎಸ್ ಅಕ್ಷರಗಳನ್ನು ಜರ್ಮನ್‌ನಲ್ಲಿ ಓದಿ ಫೌ-ಹಾ-ಎಸ್ ಅನ್ನುತ್ತಾರೆ. ದೊಡ್ಡವರಿಗಾಗಿ ಇರುವ ಸಂಜೆ ಶಾಲೆ ಅಂದುಕೊಳ್ಳಿ. ಡಿಗ್ರಿ ಕೊಡುವುದಿಲ್ಲ, ವಯಸ್ಸು ಕೇಳುವುದಿಲ್ಲ, ಮಾರ್ಕ್ಸ್ ಕಾರ್ಡೂ ಕೇಳುವುದಿಲ್ಲ. ದೇಶದ ತುಂಬ 800ಕ್ಕೂ ಹೆಚ್ಚು ಇವೆ. ಸಣ್ಣ ಊರಿನಲ್ಲೂ ಅದರದೊಂದು ಶಾಖೆ ಇರುತ್ತದೆ, ಕೆಲವು ಕಡೆ ಸಂಜೆ ಖಾಲಿ ಬೀಳುವ ಮಕ್ಕಳ ಶಾಲೆಯ ಕೋಣೆಗಳಲ್ಲೇ ನಡೆಯುತ್ತದೆ. ನಮ್ಮ ಊರಿನದು ರೋಟೆಬ್ಯೂಲ್‌ಪ್ಲಾಟ್ಸ್‌ನಲ್ಲಿದೆ. ವರ್ಷಕ್ಕೆ ಎರಡು ಸೆಮೆಸ್ಟರ್: ಒಂದು ಫೆಬ್ರವರಿ-ಮಾರ್ಚಿಗೆ, ಇನ್ನೊಂದು ಸೆಪ್ಟೆಂಬರ್-ಅಕ್ಟೋಬರಿಗೆ ಶುರು. ಎಕ್ಸೆಲ್, ಗಿಟಾರ್, ಈಜು, ತೆರಿಗೆ ರಿಟರ್ನ್ ತುಂಬುವುದು, ಕಾಡಿನಲ್ಲಿ ಯಾವ ಅಣಬೆ ತಿನ್ನಬಹುದು ಯಾವುದನ್ನು ಮುಟ್ಟಬಾರದು, ಎಲ್ಲದಕ್ಕೂ ಕ್ಲಾಸು ಇರುತ್ತದೆ.

ಈಗ ನನ್ನ ಫಜೀತಿ ಕೇಳಿ. ಬಂದ ಎರಡನೇ ವರ್ಷ ಒಂದು ಕಡೆ ಮಡಕೆ ಮಾಡುವ ಕ್ಲಾಸಿಗೆ ದುಡ್ಡು ಕಟ್ಟಿದೆ. ಕೋರ್ಸಿನ ಹೆಸರಿನ ಕೊನೆಯಲ್ಲಿ 'ಫೋರ್ಟ್‌ಗೆಶ್ರಿಟೆನೆ' ಅಂತ ಇತ್ತು. ಏನೋ ಇರಬೇಕು ಅಂತ ಬಿಟ್ಟೆ. ಆಮೇಲೆ ಗೊತ್ತಾಯಿತು, ಈಗಾಗಲೇ ಚೆನ್ನಾಗಿ ಕಲಿತವರಿಗೆ ಅಂತ ಅದರ ಅರ್ಥ. ಹೋಗಿ ನೋಡಿದರೆ ಎಂಟು ಜನ ಎಂಟು ತಿಗರಿ ಮುಂದೆ ಕೂತು ಮೊಣಕೈ ಉದ್ದದ ಹೂಜಿ ಎತ್ತುತ್ತಿದ್ದಾರೆ. ನಾನು ಜನ್ಮದಲ್ಲಿ ಜೇಡಿಮಣ್ಣು ಮುಟ್ಟಿದವಳಲ್ಲ. ತಿಗರಿ ತಿರುಗಿಸಿದ ಕೂಡಲೇ ನನ್ನ ಮಣ್ಣಿನ ಉಂಡೆ ಅತ್ತ ಇತ್ತ ಓಲಾಡಿ, ಒಂದು ಚೂರು ಹಾರಿ ಪಕ್ಕದವರ ಏಪ್ರನ್ನಿಗೆ ಹೊಡೆಯಿತು. ಪಕ್ಕದಲ್ಲಿದ್ದವರು ಎಪ್ಪತ್ತು ದಾಟಿದ ಅಜ್ಜಿ. ಬೈತಾರೆ ಅಂದುಕೊಂಡೆ. ಅವರು ತಮ್ಮ ತಿಗರಿ ನಿಲ್ಲಿಸಿದರು. ನನ್ನ ಮೊಣಕೈ ಹಿಡಿದು ನನ್ನ ತೊಡೆಗೆ ಒತ್ತಿದರು. "ಎಲ್ಲೆನ್‌ಬೋಗೆನ್!" ಅಂದರು. ಮೊಣಕೈ ತೊಡೆಗೆ ಊರಿದರೆ ಕೈ ಅಲುಗಾಡುವುದಿಲ್ಲ, ಕೈ ಅಲುಗದಿದ್ದರೆ ಮಣ್ಣು ನಡುವಿಗೆ ಬಂದು ನಿಲ್ಲುತ್ತದೆ. ಆ ಸಂಜೆ ಇಪ್ಪತ್ತು ಸಲವಾದರೂ ಆ ಪದ ಕೇಳಿದ್ದೇನೆ. ಎ-ಒನ್ ಪುಸ್ತಕದಲ್ಲಿ ದೇಹದ ಭಾಗಗಳ ಚಿತ್ರ ಇತ್ತು, ಪರೀಕ್ಷೆ ಮುಗಿದ ಮಾರನೇ ದಿನ ಅರ್ಧ ಮರೆತಿದ್ದೆ. ಎಲ್ಲೆನ್‌ಬೋಗೆನ್ ಮಾತ್ರ ಇವತ್ತಿಗೂ ಮರೆತಿಲ್ಲ.

ಆ ಅಜ್ಜಿ ಮಾತಾಡುತ್ತಿದ್ದದ್ದು ಗಟ್ಟಿ ಶ್ವೇಬಿಷ್, ಈ ಕಡೆಯ ಆಡುಮಾತು. ಪುಸ್ತಕದ ಜರ್ಮನ್ ಕಲಿತವರಿಗೆ ಅದು ತಲೆ ಮೇಲೆ ಹಾದುಹೋಗುತ್ತದೆ. ಹೊರಗಿನಿಂದ ಬಂದು ಇಲ್ಲಿ ನೆಲೆಸಿದವರಿಗೆ ಇಲ್ಲಿ 'ರೈಗ್‌ಶ್ಮೆಕ್ಟ' ಅಂತಾರೆ. ಒಳಗೆ ಬಂದು ರುಚಿ ನೋಡಿದವಳು ಅನ್ನೋ ಹಾಗೆ. ನನಗೂ ಹಾಗೇ ಅಂದರು. ನಾನು ಮುಖ ಸಣ್ಣ ಮಾಡಿಕೊಂಡೆ. ಅವರು ನಕ್ಕು, ತಮ್ಮ ಗಂಡನೂ ರೈಗ್‌ಶ್ಮೆಕ್ಟನೇ, ಉತ್ತರದ ಹ್ಯಾಂಬರ್ಗಿನವನು ಅಂದರು.

ಇನ್ನೊಂದು ವಿಷಯ. ಜರ್ಮನ್‌ನಲ್ಲೂ ನಮ್ಮ ಹಾಗೆ ನೀನು-ನೀವು ಇದೆ ಅಲ್ವಾ, 'ಡು' ಮತ್ತು 'ಜೀ'. ಪಕ್ಕದ ಮನೆಯವರ ಜೊತೆ ವರ್ಷಗಟ್ಟಲೆ 'ಜೀ'ಯಲ್ಲೇ ಕಳೆಯಬಹುದು. ಈ ಕೈಕೆಲಸದ ಕ್ಲಾಸುಗಳಲ್ಲಿ ಮೊದಲ ಸಂಜೆಯೇ ಹೇಳಿಕೊಡುವವರು "ಎಲ್ಲರೂ ಡು ಅನ್ನೋಣವಾ?" ಅಂತ ಕೇಳಿಬಿಡುತ್ತಾರೆ. ಮಣ್ಣು ಮೆತ್ತಿಕೊಂಡು ಕೂತವರಿಗೆ ಬಹುವಚನ ಯಾಕೆ!

ಕ್ಲಾಸು ಬೇಡ, ಸುಮ್ನೆ ಕೂತು ಕೇಳುತ್ತೇನೆ ಅನ್ನುವ ಮನಸ್ಸಿದ್ದರೆ ಉಪನ್ಯಾಸಗಳಿವೆ, ಇಲ್ಲಿ ಫೋರ್‌ಟ್ರಾಗ್ ಅಂತಾರೆ. ಇತಿಹಾಸ, ಆರೋಗ್ಯ, ನಕ್ಷತ್ರ, ಪಿಂಚಣಿ, ಎಲ್ಲದರ ಮೇಲೂ ನಡೆಯುತ್ತವೆ. ಎಷ್ಟೋ ಉಚಿತ, ಕೆಲವಕ್ಕೆ ನಾಲ್ಕಾರು ಯೂರೋ. ಟ್ಯೂಬಿಂಗೆನ್ ಇಲ್ಲಿಂದ ರೈಲಿನಲ್ಲಿ ಒಂದು ಗಂಟೆ ದಾರಿ. ಅಲ್ಲಿನ ವಿಶ್ವವಿದ್ಯಾಲಯ 'ಸ್ಟುಡಿಯುಮ್ ಜೆನೆರಾಲೆ' ಅಂತ ಸಂಜೆ ಉಪನ್ಯಾಸಗಳನ್ನು ನಡೆಸುತ್ತದೆ, ಯಾರು ಬೇಕಾದರೂ ಹೋಗಿ ಕೂರಬಹುದು. ನಾನು ಮೊದಲ ಸಲ ಹೋದಾಗ ಪ್ರೊಫೆಸರ್ ಮಾತು ಮುಗಿಸಿದ ಕೂಡಲೇ ಇಡೀ ಸಭೆ ಬೆರಳ ಗೆಣ್ಣಿನಿಂದ ಟಕಟಕ ಅಂತ ಮೇಜು ಕುಟ್ಟತೊಡಗಿತು. ಯಾಕೋ ಸಿಟ್ಟಾಗಿದ್ದಾರೆ, ಗಲಾಟೆ ಆಗುತ್ತೆ ಅಂತ ಬ್ಯಾಗು ಎತ್ತಿಕೊಂಡೆ. ವಿಶ್ವವಿದ್ಯಾಲಯದಲ್ಲಿ ಚಪ್ಪಾಳೆ ಬದಲು ಮೇಜು ಕುಟ್ಟುವುದು ಇಲ್ಲಿನ ರೂಢಿ. ಮೊದಲ ಕೆಲವು ಉಪನ್ಯಾಸ ಕಾಲು ಭಾಗ ಅರ್ಥವಾದರೆ ದೊಡ್ಡದು. ಹಿಂದಿನ ಸಾಲಿನಲ್ಲಿ ಕೂರಿ. ಯಾರೂ ನಿಮ್ಮನ್ನು ಪ್ರಶ್ನೆ ಕೇಳುವುದಿಲ್ಲ.

ಈ ಶಾಲೆಗಳ ಕಥೆ ಸ್ವಲ್ಪ ಗೊತ್ತಿದ್ದರೆ ಅಲ್ಲಿ ಕೂರುವುದೇ ಬೇರೆ ಅನಿಸುತ್ತದೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತು, ರಾಜನೂ ಹೋಗಿ, 1919ರಲ್ಲಿ ಹೊಸ ಗಣರಾಜ್ಯದ ಸಂವಿಧಾನ ಬರೆದಾಗ ಈ ಜನರ ಶಾಲೆಗಳನ್ನು ಬೆಳೆಸಬೇಕು ಅಂತ ಅದರಲ್ಲೇ ಸೇರಿಸಿದರು. ಮತ ಹಾಕುವವರಿಗೆ ಯೋಚನೆ ಮಾಡುವುದೂ ಗೊತ್ತಿರಲಿ ಅಂತ. 1933ರಲ್ಲಿ ನಾಜಿಗಳು ಬಂದು ಕೆಲವನ್ನು ಮುಚ್ಚಿದರು, ಉಳಿದವನ್ನು ತಮ್ಮ ಪ್ರಚಾರಕ್ಕೆ ಬಗ್ಗಿಸಿಕೊಂಡರು. ಯುದ್ಧ ಮುಗಿದ ಮೇಲೆ ಪಕ್ಕದ ಉಲ್ಮ್ ಊರಿನಲ್ಲಿ ಇಂಗೆ ಶೋಲ್ ಅನ್ನುವವರು 1946ರಲ್ಲಿ ಫೋಲ್ಕ್ಸ್‌ಹೋಖ್‌ಶೂಲೆ ಶುರುಮಾಡಿದರು. ಅವರ ತಮ್ಮ ಹಾನ್ಸ್, ತಂಗಿ ಸೋಫಿ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಹಿಟ್ಲರ್ ವಿರುದ್ಧ ಕರಪತ್ರ ಹಂಚಿ ಸಿಕ್ಕಿಬಿದ್ದು 1943ರ ಫೆಬ್ರವರಿಯಲ್ಲಿ ತಲೆ ಕೊಟ್ಟವರು. ಸೋಫಿಗೆ ಆಗ 21 ವರ್ಷ. ತಮ್ಮ-ತಂಗಿಯನ್ನು ಕಳೆದುಕೊಂಡವರು, ಅರ್ಧ ಊರು ಬಾಂಬಿಗೆ ಕುಸಿದು ಬಿದ್ದಿರುವಾಗ, ಮಾಡಿದ ಕೆಲಸ ನೋಡಿ. ಊರವರನ್ನು ಸಂಜೆ ಕೂರಿಸಿ ಮಾತಾಡಿಸಿದರು. 1974ರವರೆಗೆ ಅವರೇ ನಡೆಸಿದರು. ಉಲ್ಮ್ ಇಲ್ಲಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಐನ್‌ಸ್ಟೈನ್ ಹುಟ್ಟಿದ್ದೂ ಅಲ್ಲೇ, ಶಾಲೆಯ ಕಟ್ಟಡಕ್ಕೆ ಅವರದೇ ಹೆಸರು. ಒಂದು ಭಾನುವಾರ ಹೋಗಿ ಬನ್ನಿ.

ಇನ್ನು ಕಾಗದಪತ್ರದ ಮಾತು. ಹೊರಗಿನಿಂದ ಬಂದವರಿಗಾಗಿ ಇರುವ 'ಇಂಟೆಗ್ರೇಷನ್ಸ್‌ಕುರ್ಸ್' ಅನ್ನುವ ಸರ್ಕಾರದ ಕೋರ್ಸೂ ಬಹಳಷ್ಟು ಕಡೆ ಫೌ-ಹಾ-ಎಸ್‌ನಲ್ಲೇ ನಡೆಯುತ್ತದೆ. ಸಾಮಾನ್ಯವಾಗಿ 600 ಪೀರಿಯಡ್ ಭಾಷೆ, 100 ಪೀರಿಯಡ್ ಇಲ್ಲಿನ ಕಾನೂನು, ಇತಿಹಾಸ, ಬದುಕು. ಈ ಎರಡನೇ ಭಾಗದ ಪರೀಕ್ಷೆಯಲ್ಲಿ 33 ಪ್ರಶ್ನೆ, ಅದರಲ್ಲಿ ಮೂರು ನೀವಿರುವ ರಾಜ್ಯದ್ದು. ಮುಂದೆ ಪೌರತ್ವ ಬೇಕೆಂದರೆ 17 ಸರಿಯಾಗಿರಬೇಕು. ಪ್ರಶ್ನೆಗಳೆಲ್ಲ ಮೊದಲೇ ಪ್ರಕಟವಾಗಿವೆ, ಹೆದರಬೇಡಿ. ನಿಮಗೆ ಸೀಟು ಸಿಗುತ್ತದಾ, ಶುಲ್ಕ ಎಷ್ಟು ಅನ್ನುವುದು ವೀಸಾ ಮೇಲೆ ಹೋಗುತ್ತದೆ. ದುಡ್ಡು ಕಟ್ಟುವ ಮೊದಲು ಅವರ ಸಲಹೆ ಕೌಂಟರಿನಲ್ಲಿ ಕೇಳಿ. ಅಲ್ಲಿಯವರೆಗೆ ಫೌ-ಹಾ-ಎಸ್‌ನವರದೇ ಉಚಿತ ಆನ್‌ಲೈನ್ ಕಲಿಕೆ ಪೋರ್ಟಲ್ ಇದೆ, ಜರ್ಮನ್ ಎ-ಒನ್‌ನಿಂದ ಮೇಲಿನ ಬಿ-ಟೂ ಹಂತದ ತನಕ.

ಯಜಮಾನರಿಗೂ ಒಂದು ಮಾತು ಹೇಳಿ. ನಾವಿರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ 2015ರಿಂದ 'ಬಿಲ್ಡುಂಗ್ಸ್‌ತ್ಸೈಟ್' ಕಾನೂನು ಇದೆ. ಒಂದೇ ಕಡೆ ಒಂದು ವರ್ಷ ಕೆಲಸ ಆಗಿದ್ದರೆ ವರ್ಷಕ್ಕೆ ಐದು ದಿನದವರೆಗೆ ಸಂಬಳದ ಜೊತೆ ಕಲಿಯಲು ರಜೆ ಕೇಳಬಹುದು. ಕೋರ್ಸಿನ ಫೀಸು ನಮ್ಮದೇ, ಯಾವ ಕೋರ್ಸಾದರೂ ನಡೆಯುವುದೂ ಇಲ್ಲ. ಎರಡು ತಿಂಗಳಿಗಿಂತ ಮೊದಲೇ ಅರ್ಜಿ ಹಾಕಬೇಕು. ಪಕ್ಕದ ಬವೇರಿಯಾ ರಾಜ್ಯದಲ್ಲಿ ಇಂಥ ಕಾನೂನೇ ಇಲ್ಲ, ಹಾಗಾಗಿ ಅಲ್ಲಿನ ಮ್ಯೂನಿಕ್‌ನ ಸ್ನೇಹಿತರ ಮಾತು ಕೇಳಿಕೊಂಡು ಕೂರಬೇಡಿ.

ಎರಡು ಎಚ್ಚರಿಕೆ. ಏಳೂವರೆ ಅಂದರೆ ಏಳೂವರೆಗೆ ಕುರ್ಚಿಯಲ್ಲಿ ಇರಬೇಕು. ತಡವಾಗಿ ಬಾಗಿಲು ತೆರೆದರೆ ಇಪ್ಪತ್ತು ತಲೆ ಒಟ್ಟಿಗೆ ತಿರುಗುತ್ತವೆ. ಮತ್ತೆ, ಸಾಕಷ್ಟು ಜನ ಸೇರದಿದ್ದರೆ ಕ್ಲಾಸೇ ರದ್ದಾಗುತ್ತದೆ, ಹಾಗಾಗಿ ಮನಸ್ಸಿನಲ್ಲಿ ಇನ್ನೊಂದು ಆಯ್ಕೆ ಇಟ್ಟುಕೊಂಡಿರಿ. ನಾನು ಬುಟ್ಟಿ ಹೆಣೆಯುವ ಕ್ಲಾಸಿಗೆ ಎರಡು ಸಲ ಹೆಸರು ಕೊಟ್ಟೆ, ಎರಡು ಸಲವೂ ಅದು ನಡೆಯಲೇ ಇಲ್ಲ.

ಇವತ್ತು ಎಲ್ಲಿಂದ ಶುರುಮಾಡಲಿ ಅಂದರೆ, ಮೈಲೆಂಡರ್ ಪ್ಲಾಟ್ಸ್‌ನ ನಗರ ಗ್ರಂಥಾಲಯಕ್ಕೆ ಹೋಗಿ. 2011ರಲ್ಲಿ ತೆರೆದ ದೊಡ್ಡ ಬೂದುಬಣ್ಣದ ಪೆಟ್ಟಿಗೆಯಂಥ ಕಟ್ಟಡ. ಅದರ ನಾಲ್ಕು ಗೋಡೆಯ ಮೇಲೆ 'ಗ್ರಂಥಾಲಯ' ಅಂತ ನಾಲ್ಕು ಭಾಷೆಯಲ್ಲಿ ಬರೆದಿದೆ: ಜರ್ಮನ್, ಇಂಗ್ಲಿಷ್, ಅರಬ್ಬಿ, ಕೊರಿಯನ್. ಕೊರಿಯನ್ ಯಾಕೆ ಅಂದರೆ ಕಟ್ಟಡದ ವಿನ್ಯಾಸ ಮಾಡಿದವರು ಕೊರಿಯಾದಿಂದ ಬಂದವರು. ಒಳಗೆ ಕೂತು ಫೌ-ಹಾ-ಎಸ್‌ನ ಕೋರ್ಸುಗಳ ಪಟ್ಟಿ ನಿಧಾನವಾಗಿ ನೋಡಿ. ಯಾವ ಕ್ಲಾಸು ಅಂತ ಗೊತ್ತಾಗದಿದ್ದರೆ ನನಗೆ ಒಂದು ಸಾಲು ಬರೆಯಿರಿ. ಮರಗೆಲಸ ಆದರೆ ನಾನೂ ಬರುತ್ತೇನೆ, ಮನೆಯಲ್ಲಿ ಒಂದು ಸ್ಟೂಲಿನ ಕಾಲು ಎಂಟು ತಿಂಗಳಿಂದ ಅಲ್ಲಾಡುತ್ತಿದೆ.